ಹಗ್ಗದ ಮೋಟರು

ಚಟ್ಟದ ಹಿಂದಿನ ಬಿದಿರಿಗೆ ಹಿದಾಯತುಲ್ಲಾ ಹೆಗಲು ಕೊಟ್ಟಾಗಿತ್ತು. ಇನ್ನೇನು ಹೆಜ್ಜೆ ಇಡಬೇಕು ಅನ್ನುವಾಗ ಸತ್ತವನ ತಮ್ಮ ಮುನೇಶ್ ಮುಂದಿನಿಂದ ಬಂದು ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದ.

"ನೀನು ಮುಟ್ಟಬೇಡ."

ಇಪ್ಪತ್ತು ವರ್ಷದಿಂದ ಬಾಯಿತುಂಬ ಹಿದಾಯತಣ್ಣ ಅನ್ನುತ್ತಿದ್ದವನು. ತಮಟೆಯವರು ಕೈ ನಿಲ್ಲಿಸಿದರು. ಚಟ್ಟ ಮತ್ತೆ ನೆಲ ಮುಟ್ಟಿತು. ಮೇಲೆ ಮಲಗಿದ್ದ ವೆಂಕಟರವಣಪ್ಪನ ತಲೆ ಒಂದಿಷ್ಟು ವಾಲಿತು. ಮಗಳು ಆಶಾರಾಣಿ ಓಡಿಬಂದು ಹೂವಿನ ಹಾರ ಸರಿಮಾಡಿ, ಅಪ್ಪನ ತಲೆಯನ್ನು ನೆಟ್ಟಗೆ ಮಾಡಿದಳು.

"ಏನೋ ಇದು ಮುನೇಶ, ಹೆಣದ ಮುಂದೆ," ಎಂದ ಎರ್ರಪ್ಪ. ಅವನು ಮೀನುಗಾರರ ಸಂಘದ ಅಧ್ಯಕ್ಷ, ಎಪ್ಪತ್ತು ದಾಟಿದವನು. ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಮುಂದೆ ನಿಂತು ನಡೆಸುವವನು.

ಮುನೇಶ್ ಅಂಗಿಯ ಜೇಬಿನಿಂದ ಮಡಿಸಿದ ಕಾಗದ ತೆಗೆದ. "ನಮ್ಮಣ್ಣನ ಟ್ರಂಕಲ್ಲಿ ಇದು ಸಿಕ್ತು ಕಣಪ್ಪ. ಚಿಕ್ಕಬಳ್ಳಾಪುರದ ಡಾಕ್ಟ್ರು ಬರೆದಿರೋದು. ಆರು ತಿಂಗಳಾಗದೆ. ಬೆಳಿಗ್ಗೆ ಮೆಡಿಕಲ್ ಸ್ಟೋರಲ್ಲಿ ಓದಿಸ್ದೆ. ಹಾರ್ಟಲ್ಲಿ ಬ್ಲಾಕ್ ಐತೆ, ಭಾರ ಎತ್ತಬಾರ್ದು, ಜೋರಾಗಿ ಎಳೀಬಾರ್ದು ಅಂತ ಬರೆದವ್ರೆ. ಜೊತೇಲಿ ಬಂದೋರು ಯಾರು ಅಂದ್ರೆ ಇವನ ಹೆಸರು, ಇವನ ಫೋನ್ ನಂಬರ್ರು."

ಮುನೇಶ್ ಕಾಗದವನ್ನು ಎಲ್ಲರ ಕಡೆಗೂ ತಿರುಗಿಸಿ ತೋರಿಸಿದ.

"ಮನೇಲಿ ನಮಗ್ಯಾರಿಗೂ ಗೊತ್ತಿಲ್ಲ. ಇವನಿಗೆ ಗೊತ್ತಿತ್ತು. ಗೊತ್ತಿದ್ದೂ ಏನು ಮಾಡ್ದ? ಸಂಘದ ಬೋಟಿಗೆ ಎರಡು ಥರ ಮೋಟ್ರು ಬಂದಿತ್ತು. ಬೆರಳಲ್ಲಿ ತಿರುಗಿಸೋ ಬ್ಯಾಟರಿದು ಬಿಟ್ಟು, ಹಗ್ಗ ಎಳಿಯೋದೇ ವಾಸಿ ಅಂತ ಎಲ್ಲರ ಮುಂದೆ ಹೇಳ್ದ. ಹೇಳಿದ್ಯೋ ಇಲ್ವೋ?"

ಹಿದಾಯತುಲ್ಲಾ ತಲೆಯೆತ್ತಿದ. ಬಾಗಿಲಲ್ಲಿ ವೆಂಕಟರವಣಪ್ಪನ ಹೆಂಡತಿ ಅಶ್ವತ್ಥಮ್ಮ ನಿಂತಿದ್ದಳು, ಒಂದು ಕೈ ಗೋಡೆಯ ಮೇಲೆ. ಸಕ್ಕರೆ ಕಾಯಿಲೆ ಅವಳ ಕಣ್ಣು ತಿಂದು ಎರಡು ವರ್ಷವಾಗಿತ್ತು. ಬೆಳಕು ಕತ್ತಲೆ ತಿಳಿಯುತ್ತಿತ್ತು, ಅಷ್ಟೆ. ಅವಳು ಯಾರ ಕಡೆಗೂ ತಿರುಗಿರಲಿಲ್ಲ. ಬಲಗಿವಿಯನ್ನು ಮಾತ್ರ ಅಂಗಳದ ಕಡೆ ಕೊಟ್ಟಿದ್ದಳು.

"ಹೌದು," ಎಂದ ಹಿದಾಯತುಲ್ಲಾ. "ನಾನೇ ಹೇಳಿದ್ದು."

*

ಜಂಗಮಕೋಟೆಯಿಂದ ಮೂರು ಮೈಲಿಯ ಈ ಊರಿನಲ್ಲಿ ವೆಂಕಟರವಣಪ್ಪನ ತಾತ, ಅಪ್ಪ ಎಲ್ಲ ಕೆರೆಯಿಂದಲೇ ಬದುಕಿದವರು. ಅವನ ಪಾಲಿಗೆ ಕೆರೆ ಉಳಿಯಲಿಲ್ಲ. ಅವನ ಮದುವೆಯಾಗಿ ಕೆಲವು ವರ್ಷಕ್ಕೆ ನೀರು ಬತ್ತಿ, ಕೆರೆಯಂಗಳದ ತುಂಬ ಜಾಲಿ ಬೆಳೆಯಿತು. ಬಲೆಯನ್ನು ಅಟ್ಟಕ್ಕೆ ಹಾಕಿ ಅವನು ಶಿಡ್ಲಘಟ್ಟಕ್ಕೆ ಹೋದ. ರೇಷ್ಮೆ ನೂಲು ಬಿಚ್ಚಾಣಿಕೆಯ ಘಟಕದಲ್ಲಿ ಹದಿನೆಂಟು ವರ್ಷ ಕುದಿಯುವ ನೀರಿನ ಮುಂದೆ ನಿಂತು, ಬೆಂದ ಗೂಡಿನಿಂದ ಎಳೆ ತೆಗೆದ. ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿ, ಮತ್ತೆಂದೂ ನೇರವಾಗಲಿಲ್ಲ.

ಆ ಘಟಕದ ಮೋಟರುಗಳನ್ನು ರಿಪೇರಿ ಮಾಡಲು ಬರುತ್ತಿದ್ದವನು ಹಿದಾಯತುಲ್ಲಾ. ಪೇಟೆಯಲ್ಲಿ ಅವನದು ಮೋಟರ್ ರಿವೈಂಡಿಂಗ್ ಅಂಗಡಿ. ಅವನು ನೆಲದ ಮೇಲೆ ಮಲಗಿ ಮೋಟರ್ ಬಿಚ್ಚುವಾಗ ವೆಂಕಟರವಣಪ್ಪ ಟಾರ್ಚ್ ಹಿಡಿಯುತ್ತಿದ್ದ. ಕೆಲಸ ಮುಗಿದ ಮೇಲೆ ಒಂದು ಟೀ ತರಿಸಿ ಎರಡು ಮಾಡಿಕೊಂಡು ಕುಡಿಯುತ್ತಿದ್ದರು. ಗೆಳೆತನ ಅಂದರೆ ಇಷ್ಟೇ. ಆದರೆ ಅದು ಒಂದು ದಿನವೂ ತಪ್ಪಲಿಲ್ಲ.

ಆಮೇಲೆ ದೊಡ್ಡ ಮಳೆಯ ವರ್ಷ ಬಂತು. ಕೆರೆ ತುಂಬಿಸಲು ಪೈಪಿನಲ್ಲಿ ದೂರದಿಂದ ನೀರೂ ಬಂತು. ಕೆರೆ ಕೋಡಿ ಹರಿದ ವಾರವೇ ವೆಂಕಟರವಣಪ್ಪ ಕೆಲಸ ಬಿಟ್ಟ. ಐವತ್ತೈದು ವರ್ಷ ಆಗ.

"ಈ ವಯಸ್ಸಲ್ಲಿ ತೆಪ್ಪ ಹುಟ್ಟು ಹಾಕ್ತೀಯೇನೋ?" ಎಂದು ಹಿದಾಯತುಲ್ಲಾ ನಕ್ಕಿದ್ದ.

"ಹದಿನೆಂಟು ವರ್ಷ ಬಿಸಿನೀರಲ್ಲಿ ಕೈ ಇಟ್ಟಿದೀನಿ ಕಣೋ. ಇನ್ನು ತಣ್ಣೀರಲ್ಲಿ ಇಡ್ತೀನಿ."

ಎರಡು ವರ್ಷ ಕಳೆಯುವ ಹೊತ್ತಿಗೆ ಸಂಘಕ್ಕೆ ಫೈಬರ್ ಬೋಟು ಬಂತು. ಕೆರೆ ಉದ್ದಕ್ಕೆ ಎರಡು ಮೈಲಿ, ಗಾಳಿಗೆ ತೆಪ್ಪ ತಡೆಯದು, ಮೋಟರ್ ಬೇಕು ಎಂದಾಯಿತು. "ಓಡಿಸೋನು ನೀನು, ನೀನೇ ಆರಿಸು. ಮೋಟ್ರು ಗೊತ್ತಿರೋ ನಿನ್ನ ಸ್ನೇಹಿತನ್ನೂ ಕರೆಸು," ಎಂದ ಎರ್ರಪ್ಪ. ಬೆಂಗಳೂರಿನಿಂದ ಅಂಗಡಿಯವನೊಬ್ಬ ವ್ಯಾನಿನಲ್ಲಿ ಎರಡು ಮೋಟರ್ ತಂದ.

ಮೊದಲು ಪೆಟ್ರೋಲಿನದು. ಬೋಟಿನ ಹಿಂಬದಿಗೆ ಬಿಗಿದು, ಹಗ್ಗ ಹಿಡಿದು ರಭಸದಿಂದ ಎಳೆಯಬೇಕು. ಅಂಗಡಿಯವನು ಮೂರನೆಯ ಸಲ ಎಳೆದಾಗ ಹತ್ತಿಕೊಂಡಿತು. ಬೋಟು ನಡುಗಿತು. ಜೊಂಡಿನಲ್ಲಿದ್ದ ಕೊಕ್ಕರೆಗಳೆಲ್ಲ ಒಟ್ಟಿಗೆ ಎದ್ದವು. ಆಮೇಲೆ ಬ್ಯಾಟರಿಯದು. ಹಿಡಿಯನ್ನು ಬೆರಳಿನಿಂದ ತಿರುಗಿಸಿದರೆ ಬೋಟು ತಾನೇ ಸರಿಯಿತು. ಮೂತಿಯಲ್ಲಿ ನೀರು ಸೀಳುವ ಸಪ್ಪಳ ಬಿಟ್ಟರೆ ಏನೂ ಇಲ್ಲ. ಹಿದಾಯತುಲ್ಲಾ ಅದನ್ನು ಬಗ್ಗಿ ಬಗ್ಗಿ ನೋಡಿದ. ಪ್ಲಗ್ ಇಲ್ಲ, ಆಯಿಲ್ ಇಲ್ಲ, ಹಗ್ಗವಿಲ್ಲ. ಒಂದು ತಿಂಗಳ ಹಿಂದಷ್ಟೇ ಅವನು ವೆಂಕಟರವಣಪ್ಪನನ್ನು ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋಗಿದ್ದ. ಸ್ಟೆಂಟ್ ಹಾಕಿಸಬೇಕು ಎಂದಿದ್ದರು ಡಾಕ್ಟರು. ಆಮೇಲೆ ನೋಡೋಣ ಎಂದು ಬರೀ ಮಾತ್ರೆ ತೆಗೆದುಕೊಂಡು ಬಸ್ಸು ಹತ್ತಿದ್ದ ವೆಂಕಟರವಣಪ್ಪ, ದಾರಿಯಲ್ಲಿ ಗೆಳೆಯನ ಕೈ ಹಿಡಿದು ಆಣೆ ಮಾಡಿಸಿಕೊಂಡಿದ್ದ. "ಅವಳಿಗೆ ಹೇಳಬೇಡ. ಕಣ್ಣು ಹೋಗಿರೋದೇ ಸಾಕು ಅವಳಿಗೆ."

"ಇದೇ ನಿಂಗೆ ಸರಿ," ಎಂದು ಮೆಲ್ಲಗೆ ಹೇಳಿದ ಹಿದಾಯತುಲ್ಲಾ.

ವೆಂಕಟರವಣಪ್ಪ ಅಂಗಡಿಯವನನ್ನು ಕೇಳಿದ: "ಸ್ವಾಮಿ, ಇದಕ್ಕೆ ಸದ್ದು ಬರೋ ಥರ ಏನಾದ್ರೂ ಮಾಡಕ್ಕಾಗತ್ತಾ?"

ಅಂಗಡಿಯವನು ನಕ್ಕುಬಿಟ್ಟ. "ಸದ್ದಿಲ್ಲ ಅಂತಾನೇ ಜನ ಇದನ್ನ ತಗೊಳ್ಳೋದು ಯಜಮಾನ್ರೇ."

ಹಿದಾಯತುಲ್ಲಾ ಗೆಳೆಯನನ್ನು ಹೊಂಗೆ ಮರದ ಹಿಂದಕ್ಕೆ ಕರೆದುಕೊಂಡು ಹೋದ. "ಏನಾಗದೆ ನಿಂಗೆ? ಹಗ್ಗ ಎಳೆದು ಸಾಯ್ತೀಯಾ?"

"ಹೋದ ತಿಂಗಳು ಗಾಳಿಗೆ ತೆಪ್ಪ ಮಗುಚಿತಲ್ಲ, ನಿಂಗೆ ಹೇಳಿದ್ನಲ್ಲ. ನೀರೊಳಗಿನ ಜಾಲಿ ಮರ ಹಿಡ್ಕೊಂಡು ನಾಲ್ಕು ಗಂಟೆ ನೇತಾಡ್ದೆ. ಮನೆಗೆ ಹೋದ್ರೆ ಅವಳು ಒಗ್ಗರಣೆ ಹಾಕ್ತಾ ಇದ್ಲು. ಏನೂ ಗೊತ್ತಿಲ್ಲ. ನನ್ನ ಕೈ ಮುಟ್ಟಿದಾಗ ಮುಳ್ಳು ಸಿಕ್ತು ಅವಳಿಗೆ." ವೆಂಕಟರವಣಪ್ಪ ಕೆರೆಯ ಕಡೆ ನೋಡಿದ. "ಮುಂಚೆ ಬಾಗಿಲಲ್ಲಿ ನಿಂತ್ರೆ ತೆಪ್ಪ ಕಾಣ್ತಿತ್ತು, ಈಗ ನೀವು ಇದೀರೋ ಇಲ್ವೋ ನಂಗೆ ಹೆಂಗೆ ಗೊತ್ತಾಗಬೇಕು ಅಂದ್ಲು. ಒಂದೊಂದೇ ಮುಳ್ಳು ತೆಗೆದ್ಲು, ಬೆರಳಲ್ಲೇ ಹುಡುಕಿ. ಈ ಮೋಟ್ರು ಸದ್ದು ನಮ್ಮನೆ ತನಕ ಹೋಗತ್ತೆ ಕಣೋ."

"ನಿನ್ನ ಎದೆ?"

"ಮೋಟ್ರು ನೀನು ಸರಿಯಾಗಿ ಇಟ್ರೆ ಒಂದೇ ಸಲಕ್ಕೆ ಹತ್ಕೊಳ್ಳತ್ತೆ. ಹೋಗಿ ಎಲ್ಲರಿಗೂ ನೀನೇ ಹೇಳು, ಹಗ್ಗದ್ದೇ ವಾಸಿ ಅಂತ. ನಾನು ಹೇಳಿದ್ರೆ ಯಾಕೆ ಅಂತ ಕೇಳ್ತಾರೆ."

ಹಿದಾಯತುಲ್ಲಾ ಹೋಗಿ ಹೇಳಿದ. ಅವತ್ತಿನಿಂದ ಪ್ರತಿ ಶುಕ್ರವಾರ ನಮಾಜು ಮುಗಿಸಿ, ಸ್ಕೂಟರಿನಲ್ಲಿ ಬಂದು, ಪ್ಲಗ್ ತೆಗೆದು ಒರೆಸಿ, ಕಾರ್ಬ್ಯುರೇಟರ್ ತೊಳೆದು, ತಾನೇ ಹಗ್ಗ ಎಳೆದು ನೋಡುತ್ತಿದ್ದ. ಒಂದೇ ಸಲಕ್ಕೆ ಹತ್ತಿಕೊಳ್ಳುವವರೆಗೆ ಮನೆಗೆ ಹೋಗುತ್ತಿರಲಿಲ್ಲ. ಐದು ತಿಂಗಳು ಹಾಗೆ ನಡೆಯಿತು.

*

"ಹೌದು ಅಂತಾನಲ್ಲ, ಕೇಳಿದ್ರಾ," ಎಂದ ಮುನೇಶ್. ಅವನ ದನಿಯಲ್ಲಿ ಕೋಪಕ್ಕಿಂತ ಅಳು ಹೆಚ್ಚಿತ್ತು. ಹಿದಾಯತುಲ್ಲಾ ಏನಾದರೂ ಹೇಳಿ ತಪ್ಪಿಸಿಕೊಂಡಿದ್ದರೆ ಅವನಿಗೆ ಹೊಡೆಯಲಾದರೂ ಆಗುತ್ತಿತ್ತು.

ಎರ್ರಪ್ಪ ತಮಟೆಯವರಿಗೆ ಕೈ ಮಾಡಿದ. ಚಟ್ಟ ಎದ್ದಿತು. ಹಿಂದಿನ ಬಿದಿರಿಗೆ ಬೇರೆ ಯಾರೋ ಹೆಗಲು ಕೊಟ್ಟರು. ಹಿದಾಯತುಲ್ಲಾ ಎಲ್ಲರಿಗಿಂತ ಹಿಂದೆ, ಎಸೆದ ಪುರಿಯನ್ನು ತುಳಿಯದಂತೆ ದಾರಿಯ ಅಂಚಿನಲ್ಲಿ ನಡೆದ. ಕೆರೆಯ ಏರಿ ದಾಟಿ ಸ್ಮಶಾನಕ್ಕೆ ಹೋಗುವ ದಾರಿ. ಬೋಟು ದಡದಲ್ಲಿ ಕಟ್ಟಿತ್ತು, ಮೋಟರಿನ ಮೇಲೆ ಯಾರೋ ಗೋಣಿಚೀಲ ಹೊದಿಸಿದ್ದರು. ಯಾರೂ ಆ ಕಡೆ ನೋಡಲಿಲ್ಲ.

ಗುಂಡಿಗೆ ಇಳಿಸಿ, ಮುನೇಶ್ ಮಡಕೆ ಒಡೆದ. ಒಬ್ಬೊಬ್ಬರಾಗಿ ಮಣ್ಣು ಹಾಕಿದರು. ಹಿದಾಯತುಲ್ಲಾ ಮೂರು ಹಿಡಿ ಹಾಕಿದಾಗ ಮುನೇಶ್ ಬೇರೆ ಕಡೆ ತಿರುಗಿ ನಿಂತ. ತಡೆಯಲಿಲ್ಲ.

ಸ್ಕೂಟರು ವೆಂಕಟರವಣಪ್ಪನ ಮನೆಯ ಪಕ್ಕದಲ್ಲಿತ್ತು. ಕೀಲಿ ಹಾಕುತ್ತಿದ್ದಾಗ ಆಶಾರಾಣಿ ಬಂದು, "ಅಮ್ಮ ಕರೀತಾ ಅವ್ಳೆ ಮಾವ," ಎಂದಳು.

ಅಶ್ವತ್ಥಮ್ಮ ಹಿತ್ತಲಿನ ಜಗಲಿಯ ಮೇಲೆ ಕೂತಿದ್ದಳು. ಎದುರಿಗೆ ಏರಿ, ಅದರಾಚೆ ನೀರು. ಹಿದಾಯತುಲ್ಲಾ ಕೆಳಗಿನ ಮೆಟ್ಟಿಲಲ್ಲಿ ಕೂತ. ಅವಳೇ ಶುರುಮಾಡಿದಳು.

"ನೆನ್ನೆ ಬೆಳಿಗ್ಗೆ ಬಲೆ ಬಿಡಕ್ಕೆ ಹೋದ್ರು. ನಡುನೀರಲ್ಲಿ ಸದ್ದು ನಿಂತೋಯ್ತು. ಮೋಟ್ರಿಗೆ ಜೊಂಡು ಸುತ್ಕೊಂಡಿರಬೇಕು, ಬಿಡಿಸ್ತಾವ್ರೆ ಅನ್ಕೊಂಡೆ. ಆಮೇಲೆ ಹಗ್ಗ ಎಳಿಯೋದು ಕೇಳಿಸ್ತು. ಗುರ್ ಅಂತ ನಿಂತೋಗದು. ಮತ್ತೆ ಗುರ್. ಏಳು ಸಲ ಅಣ್ಣ. ಎಂಟನೇದು ಬರ್ಲೇ ಇಲ್ಲ."

ಹಿದಾಯತುಲ್ಲಾ ಕಣ್ಣು ಮುಚ್ಚಿಕೊಂಡ. ಮೊನ್ನೆ ಶುಕ್ರವಾರವೂ ಅದು ಒಂದೇ ಸಲಕ್ಕೆ ಹತ್ತಿಕೊಂಡಿತ್ತು.

"ಮುನೇಶನ್ನ ಕೂಗ್ದೆ. ಪೆಟ್ರೋಲು ಮುಗಿದಿರತ್ತೆ ಅತ್ಗೆ, ಬರ್ತಾನೆ ಬಿಡು ಅಂದ. ಗೋಗರೆದೆ. ತೆಪ್ಪ ತಗೊಂಡು ಹೋಗೋ ಹೊತ್ಗೆ ಒಂದು ಗಂಟೆ ಆಗಿತ್ತು. ಅದಕ್ಕೇ ಅವನು ಅಂಗೆ ಆಡ್ತಾವ್ನೆ. ನಿನ್ನ ಮೇಲಲ್ಲ ಅವನ ಸಿಟ್ಟು."

"ಆಡ್ಲಿ ಬಿಡಮ್ಮ."

"ಬ್ಯಾಟರಿ ಮೋಟ್ರು ಸದ್ದು ಮಾಡ್ತಿತ್ತಾ?"

"ಮಾಡ್ತದೆ," ಎಂದ. "ಇದರಷ್ಟೇ. ನಂಗೆ ಆ ಕಂಪನಿ ಮೇಲೆ ನಂಬಿಕೆ ಇರಲಿಲ್ಲ. ಅದಕ್ಕೇ ಬೇಡ ಅಂದೆ."

"ನೋಡಕ್ಕೆ ತಂದ ದಿನ ನಾನು ಏರಿ ಮೇಲೆ ಕೂತಿದ್ದೆ ಅಣ್ಣ," ಎಂದಳು ಅಶ್ವತ್ಥಮ್ಮ. "ಒಂದರ ಸದ್ದು ಬಂತು. ಇನ್ನೊಂದು ನೀರಿಗೆ ಬಿಟ್ಟಾಗ ಏನೂ ಬರ್ಲಿಲ್ಲ. ಕೆಟ್ಟೋಗದೆ ಅನ್ಕೊಂಡೆ. ಆಮೇಲೆ ಜನ ಓಡ್ತದೆ, ಓಡ್ತದೆ ಅಂತ ಕೂಗಿದ್ರು. ಸಾಯಂಕಾಲ ಇವ್ರು ಮನೆಗೆ ಬಂದು ಹಗ್ಗದ್ದೇ ತಗೊಂಡ್ವಿ ಅಂದ್ರು. ಯಾಕೆ ಅಂತ ನಾನು ಕೇಳ್ಲಿಲ್ಲ. ನಂಗೆ ಗೊತ್ತಾಯ್ತು. ನಂಗೂ ಅದೇ ಬೇಕಾಗಿತ್ತು."

ಹಿದಾಯತುಲ್ಲಾ ಕೈಯಲ್ಲಿದ್ದ ಸ್ಕೂಟರಿನ ಕೀಲಿಯನ್ನು ಮೆಟ್ಟಿಲ ಮೇಲೆ ಇಟ್ಟ.

"ಹಗ್ಗದ ವಿಷಯ ನಿನ್ನ ತಲೆ ಮೇಲೆ ಹಾಕ್ಕೋಬೇಡ. ಅದು ನನ್ನದು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಎದೆ ವಿಷಯ ಮಾತ್ರ ನೀನು ಹೇಳಬೇಕಿತ್ತು. ಒಂದು ಮಾತು. ಹೇಳಿದ್ರೆ ನಾನೇ ಆ ಮೋಟ್ರು ಬಿಚ್ಚಿ ಕೆರೆಗೆ ಹಾಕ್ತಿದ್ದೆ."

"ಆಣೆ ಮಾಡಿಸ್ಕೊಂಡಿದ್ದ."

"ನಿನ್ನ ಆಣೆ ದೊಡ್ಡದಾಯ್ತಲ್ಲ ಅಣ್ಣ."

ಅವಳ ದನಿ ಏರಲಿಲ್ಲ. ಬೆಳಿಗ್ಗೆ ಎಲ್ಲರೆದುರು ತಪ್ಪು ಹೊತ್ತಾಗ ಹಿದಾಯತುಲ್ಲಾನಿಗೆ ಒಂದು ಬಗೆಯ ಸಮಾಧಾನವಿತ್ತು. ಅದು ಈಗ ಕಾಲಿನ ಕೆಳಗಿನಿಂದ ಜಾರಿಹೋಯಿತು. ಎದ್ದು ಹೋಗಲೂ ಆಗದೆ, ಕೂರಲೂ ಆಗದೆ ಅವನು ಅಲ್ಲೇ ಇದ್ದ.

ಬಿಸಿಲು ಇಳಿಯುವ ಹೊತ್ತಿಗೆ ಮುನೇಶ್ ಮತ್ತು ಎರ್ರಪ್ಪ ಏರಿಯಿಂದ ಇಳಿದು ಬಂದರು. ವೆಂಕಟರವಣಪ್ಪ ಬಿಟ್ಟಿದ್ದ ಬಲೆ ನೀರಿನಲ್ಲೇ ಉಳಿದಿತ್ತು. ಒಂದೂವರೆ ದಿನ. ತೆಪ್ಪದಲ್ಲಿ ಹೋಗಿ ಎತ್ತಿಕೊಂಡು ಬಂದಿದ್ದರು. ಬುಟ್ಟಿಯನ್ನು ಹಿತ್ತಲಲ್ಲಿ ಇಳಿಸಿದಾಗ ವಾಸನೆ ಎದ್ದಿತು. ಕಟ್ಲಾ, ಜಿಲೇಬಿ ಮೀನುಗಳು, ಮೇಲಿನವೆಲ್ಲ ಹೊಟ್ಟೆ ಉಬ್ಬಿದ್ದವು.

"ಎಲ್ಲಾ ಹೋಗದೆ. ಗುಂಡಿ ತೋಡಿ ಹಾಕಿಬಿಡ್ತೀನಿ," ಎಂದ ಮುನೇಶ್. ಹಿದಾಯತುಲ್ಲಾನನ್ನು ನೋಡಿದರೂ ಏನೂ ಅನ್ನಲಿಲ್ಲ.

"ಇಲ್ಲಿ ತಾ," ಎಂದಳು ಅಶ್ವತ್ಥಮ್ಮ.

"ಇವತ್ತು ನೀನು ಮುಟ್ಟಬಾರ್ದು ಅತ್ಗೆ."

"ತಾ ಅಂದ್ನಲ್ಲ."

ಅವಳು ಬುಟ್ಟಿಯನ್ನು ಕಾಲಿನ ನಡುವೆ ಎಳೆದುಕೊಂಡು ಕೈ ಇಳಿಸಿದಳು. ಒಂದೊಂದೇ ಮೀನು ಎತ್ತಿ, ಕಿವಿರಿನ ಕೆಳಗೆ ಹೆಬ್ಬೆರಳು ಇಟ್ಟು, ಇನ್ನೂ ಮಿಡಿಯುತ್ತಿದೆಯೇ ಎಂದು ಕಾದು, ಎಡಗಡೆ ಹಾಕುತ್ತಾ ಹೋದಳು. ಎಡಗಡೆಯ ರಾಶಿ ಬೆಳೆಯಿತು. ಬಲಗಡೆ ಆಶಾರಾಣಿ ನೀರು ತುಂಬಿಸಿ ತಂದಿಟ್ಟ ಬಕೆಟ್ಟಿತ್ತು, ಅದರಲ್ಲಿ ಇನ್ನೂ ಏನೂ ಬಿದ್ದಿರಲಿಲ್ಲ. ಬುಟ್ಟಿಯ ತಳದಿಂದ ಒಂದು ಕಟ್ಲಾ ಎತ್ತಿದಳು. ಹೆಬ್ಬೆರಳು ಅಲ್ಲೇ ನಿಂತಿತು. ಅವಳು ತಲೆ ಬಗ್ಗಿಸಿ ಮೀನನ್ನು ಕಿವಿಯ ಹತ್ತಿರಕ್ಕೆ ತಂದುಕೊಂಡಳು. ಅವಳು ಅದನ್ನು ಎಡಕ್ಕೂ ಹಾಕಲಿಲ್ಲ, ಬಲಕ್ಕೂ ಹಾಕಲಿಲ್ಲ. ಮುಂಗೈಯಿಂದ ನೀರು ಮೊಣಕೈವರೆಗೆ ಇಳಿದು ತೊಟ್ಟಿಕ್ಕುತ್ತಿತ್ತು.