ಸಕುರಾಜಿಮಾದ ಈಬೂತಿ

ನಮ್ಮಜ್ಜಿಗೆ ಒಂದು ಮಾತು ಅರ್ಥ ಮಾಡಿಸುವುದಕ್ಕಿಂತ ಜಪಾನಿ ಭಾಷೆ ಕಲಿಯುವುದು ಸುಲಭ. ಎರಡಕ್ಕೂ ಒದ್ದಾಡಿದವಳು ನಾನು, ಸುಮ್ಮನೆ ಹೇಳುತ್ತಿಲ್ಲ.

ನನಗೆ ಕೆಲಸ ಜಪಾನಿನ ಕಾಗೊಶಿಮಾದಲ್ಲಿ, ಒಂದು ವೃದ್ಧಾಶ್ರಮದಲ್ಲಿ. ಊರಿನೆದುರಿಗೇ, ಕೊಲ್ಲಿಯ ಆಚೆ ದಡದಲ್ಲಿ, ಸಕುರಾಜಿಮಾ ಅನ್ನುವ ಜ್ವಾಲಾಮುಖಿ ಇದೆ. ಅದು ಆಗಾಗ ಕೆಮ್ಮುತ್ತದೆ. ಗಾಳಿ ನಮ್ಮ ಕಡೆಗಿದ್ದರೆ ಊರಿಡೀ ಬೂದಿ. ಟೀವಿಯಲ್ಲಿ ಮಳೆಯ ಜೊತೆಗೆ ಇವತ್ತು ಬೂದಿ ಯಾವ ಕಡೆ ಅಂತಲೂ ಹೇಳುತ್ತಾರೆ, ಗುಡಿಸಿ ತುಂಬಲು ನಗರಸಭೆಯವರೇ ಹಳದಿ ಚೀಲ ಕೊಡುತ್ತಾರೆ. ಇದನ್ನೆಲ್ಲ ಫೋನಿನಲ್ಲಿ ಬಿಡಿಸಿ ಬಿಡಿಸಿ ಹೇಳಿದ್ದೇನೆ. ತೆರಕಣಾಂಬಿಯ ಮನೆಯಲ್ಲಿ ಕೂತು ಅಜ್ಜಿ ಚಿಕ್ಕಮಲ್ಲಮ್ಮ ಕೇಳಿಸಿಕೊಂಡದ್ದು ಒಂದೇ ಪದ: ಬೂದಿ.

ಬೆಳಗ್ಗೆ ಹಣೆಗೆ ವಿಭೂತಿ ಎಳೆಯದೆ ನೀರೂ ಮುಟ್ಟದವಳಿಗೆ ಬೂದಿ ಅಂದರೆ ಇನ್ನೇನು? ಮೊಮ್ಮಗಳಿರುವ ಊರಿನಲ್ಲಿ ಬೆಟ್ಟವೇ 'ಈಬೂತಿ' ಉದುರಿಸುತ್ತದೆ ಎಂದು ಬೀದಿಗೆಲ್ಲ ಸಾರಿಬಿಟ್ಟಳು. "ಸಿವ ಇರೋ ಜಾಗ ಕಣ್ಲಾ, ಓಗ್ಲಿ ಬುಡು" ಎಂದು ಅಪ್ಪನ ಬಾಯಿ ಮುಚ್ಚಿಸಿದ್ದೂ ಅವಳೇ. ಅಪ್ಪ ಶಿವಮೂರ್ತಿ ತಾಯಿಯ ಮಾತು ಮೀರುವವರಲ್ಲ. ರಜೆಗೆ ಬಂದ ನನ್ನನ್ನು ವಾಪಸ್ ಕಳಿಸಲು ಅವರು ಒಪ್ಪಿದ್ದು ಆ ಒಂದು ಮಾತಿನ ಮೇಲೆ. ನನಗೆ ಆ ಕೆಲಸ ಬೇಕಿತ್ತು. ಬಿಟ್ಟು ತೆರಕಣಾಂಬಿಯಲ್ಲೇ ಕೂತಿದ್ದರೆ ನಾನು ಹುಚ್ಚಿಯಾಗುತ್ತಿದ್ದೆ.

ಅಜ್ಜಿಗೆ ಆಗಷ್ಟೇ ಕಣ್ಣಿನ ಪೊರೆ ತೆಗೆಸಿದ್ದೆವು. ಡಾಕ್ಟರು ಕೊಟ್ಟ ಕಪ್ಪು ಕನ್ನಡಕ ಮೊಳೆಗೆ ನೇತಾಡುತ್ತಿತ್ತು. ಹಾಕಿಕೊ ಅಂದರೆ "ನಾನೇನ್ ಸಿನ್ಮಾದವ್ಳಾ" ಎನ್ನುವಳು. ಹೇಳಿ ಹೇಳಿ ನನ್ನ ಗಂಟಲು ಒಣಗಿತು.

ಹೊರಡುವ ಹಿಂದಿನ ದಿನ ಗುಂಡ್ಲುಪೇಟೆಗೆ ಹೋಗಿ ಬರುವಷ್ಟರಲ್ಲಿ ಜಗಲಿಯ ಮೇಲೆ ಜಾತ್ರೆ. ನನ್ನ ಹಳೆಯ ಶಾಲೆಯ ಮಕ್ಕಳಿಗೆ ತೋರಿಸಲೆಂದು ತಂದಿದ್ದ ಬೂದಿಯ ಬಾಟಲಿ ಅಜ್ಜಿಯ ಮಡಿಲಲ್ಲಿತ್ತು, ಮುಚ್ಚಳ ತೆಗೆದು. ಹಣೆಯ ತುಂಬ ಬೂದುಬಣ್ಣ. ಪಕ್ಕದ ಮನೆಯ ಶಿವಮಲ್ಲಪ್ಪ ಅಂಗೈ ಒಡ್ಡಿ ನಿಂತಿದ್ದ. ಅಜ್ಜಿಯ ಬೆರಳು ಆಪರೇಷನ್ ಆದ ಕಣ್ಣಿನ ಕಡೆಗೇ ಹೋಗುತ್ತಿತ್ತು.

ಓಡಿಹೋಗಿ ಕೈ ಹಿಡಿದುಕೊಂಡೆ. "ಅಜ್ಜಿ, ಏನ್ ಮಾಡ್ತಾ ಇದ್ದೀಯ ನೀನು?"

"ಕಣ್ಗೂ ಒಂಚೂರು ಸವರ್ಕಂಡ್ರೆ ಬ್ಯಾಗ ವಾಸಿ ಆಯ್ತದೆ, ಕೈ ಬುಡು ಕೂಸೇ."

"ಅದು ಈಬೂತಿ ಅಲ್ಲ. ಕಲ್ಲು, ಗಾಜಿನ ಪುಡಿ. ಕಣ್ಣಿಗೆ ಹೋದ್ರೆ ಗೀರಿಬಿಡ್ತದೆ."

"ಗಾಜಾಗಿದ್ರೆ ಅಲ್ಲಿ ಜನ ಬದುಕ್ತಿದ್ರಾ? ನೀನೇ ಬದುಕಿಲ್ವಾ?"

ಅಪ್ಪ ಬಾಗಿಲಿಗೆ ಬಂದು ನಿಂತಿದ್ದರು. ಅಜ್ಜಿಯ ಬೆರಳು ನನ್ನ ಹಿಡಿತದಲ್ಲಿ ಇನ್ನೂ ಕೊಸರಾಡುತ್ತಿತ್ತು. ಈ ಮುದುಕಿ ಪೂರ್ತಿ ಹೇಳದೆ ನಂಬುವವಳಲ್ಲ, ಪೂರ್ತಿ ಹೇಳಿದರೆ ಅಪ್ಪ ಕಳಿಸುವವರಲ್ಲ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಹೇಳಿಬಿಟ್ಟೆ. ಬೂದಿ ಬಿದ್ದ ದಿನ ಮೂಗಿಗೆ ಮಾಸ್ಕು, ಕಣ್ಣಿಗೆ ಮುಚ್ಚುಗನ್ನಡಕ. ಬೆಟ್ಟದ ಬುಡದ ಮಕ್ಕಳು ಹೆಲ್ಮೆಟ್ ಹಾಕಿಕೊಂಡು ಸ್ಕೂಲಿಗೆ ಹೋಗುತ್ತವೆ. ಕಲ್ಲು ಹಾರಿಬಂದರೆ ಅವಿತುಕೊಳ್ಳಲು ದಾರಿಬದಿಯಲ್ಲಿ ಕಾಂಕ್ರೀಟು ಗೂಡುಗಳಿವೆ. ಊರು ಬಿಟ್ಟು ಓಡುವುದನ್ನು ವರ್ಷವರ್ಷವೂ ಅಭ್ಯಾಸ ಮಾಡಿಸುತ್ತಾರೆ.

"ಟಿಕೆಟ್ಟು ಕ್ಯಾನ್ಸಲ್ ಮಾಡ್ಸು" ಎಂದರು ಅಪ್ಪ.

ಶಿವಮಲ್ಲಪ್ಪ ಸದ್ದಿಲ್ಲದೆ ಜಾಗ ಖಾಲಿ ಮಾಡಿದ. ಅಜ್ಜಿ ಸೆರಗು ಒದ್ದೆ ಮಾಡಿ ಹಣೆ ಒರೆಸಿಕೊಂಡಳು.

"ದಿನಾ ಆಕ್ಕತೀಯ, ಆ ಕನ್ನಡ್ಕ?" ಎಂದು ಕೇಳಿದಳು.

"ಬೂದಿ ಬಿದ್ದಾಗೆಲ್ಲ ಹಾಕ್ಕೋತೀನಿ. ನಮ್ಮ ಆಶ್ರಮದಲ್ಲಿ ಸಾತೊ ಅಂತ ಒಬ್ಬಜ್ಜಿ ಇದ್ದಾರೆ, ಎದ್ದು ಓಡಾಡಕ್ಕಾಗಲ್ಲ. ಅವರಿಗೂ ನಾನೇ ಹಾಕಿ, ಕಿಟಕಿ ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕ್ತೀನಿ. ಅವರದೂ ನಿನ್ನಷ್ಟೇ ಹಟ."

"ಈಗ ಆವಮ್ಮುಂಗೆ ಯಾರ್ ಮುಚ್ತಾರೆ ಕಿಟ್ಕಿಯ?"

ಅಜ್ಜಿ ಗೋಡೆ ಹಿಡಿದು ಎದ್ದು, ಮೊಳೆಯಿಂದ ಕಪ್ಪು ಕನ್ನಡಕ ತೆಗೆದು ಕಣ್ಣಿಗೇರಿಸಿದಳು.

"ಮೂರ್ತಿ, ಅವ್ಳು ಓಗ್ಲಿ ಕಣ್ಲಾ. ಕೂಸೇ, ನೀನಲ್ಲಿ ಆಕ್ಕಂಡ್ರೆ ನಾನಿಲ್ಲಿ ಆಕ್ಕತೀನಿ. ನೀ ತಗುದ್ರೆ ನಾನೂ ತಗೀತೀನಿ."

ಅಪ್ಪ ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿ ಒಳಗೆ ಹೋದರು. ಟಿಕೆಟ್ಟಿನ ಮಾತು ಮತ್ತೆ ಎತ್ತಲಿಲ್ಲ. ಗಡಿಬಿಡಿಯಲ್ಲಿ ಬಾಟಲಿಯನ್ನು ಶಾಲೆಗೆ ಕೊಡಲು ಮರೆತೇ ಬಂದೆ.

ಕಾಗೊಶಿಮಾಕ್ಕೆ ಬಂದ ವಾರದಲ್ಲೇ ಬೂದಿ ಬಿತ್ತು. ಸಾತೊ ಅಜ್ಜಿಯ ಕಿಟಕಿ ಮುಚ್ಚಿ, ಕನ್ನಡಕ ಹಾಕಿಕೊಂಡೇ ಮನೆಗೆ ವೀಡಿಯೊ ಕಾಲ್ ಮಾಡಿದೆ. ಆ ಕಡೆ ಅಜ್ಜಿಯೂ ಕಪ್ಪು ಕನ್ನಡಕದಲ್ಲಿ ಕೂತಿದ್ದಳು. ಅವಳ ಬೆನ್ನ ಹಿಂದೆ, ದೇವರ ಗೂಡಿನಲ್ಲಿ, ನನ್ನ ಬಾಟಲಿ. ಮೇಲೊಂದು ಚೆಂಡು ಹೂ.

ನನಗೆ ರೇಗಿಹೋಯಿತು. "ಅಜ್ಜಿ, ಅಷ್ಟೆಲ್ಲ ಹೇಳಿದ್ದು ನೀರಲ್ಲಿ ಹೋಮ ಆಯ್ತಲ್ಲ. ಗಾಜು ಅಂದ್ರೂ ಪೂಜೆ ಮಾಡ್ತಿದ್ದೀಯಲ್ಲ."

"ಮುಚ್ಳ ತಗುದಿಲ್ಲ ಕಣಮ್ಮಿ, ಬಿಗ್ಯಾಗಿ ಆಕಿವ್ನಿ. ಬಂದವರ್ಗೆಲ್ಲ ಗಾಜು, ಮುಟ್ಬ್ಯಾಡಿ ಅಂತಾನೂ ಹೇಳ್ತಾವ್ನಿ."

"ಮತ್ಯಾಕೆ ಹೂ?"

"ನಮ್ ಕೂಸಿನ್ ಮೇಲೆ ಬೀಳ್ಬ್ಯಾಡ ಅಂತ ದಿನಾ ಬೇಡ್ಕತಾವ್ನಿ. ಬರಿಗೈಲಿ ಬೇಡಕ್ಕಾಯ್ತದಾ?"