ಲಿಫ್ಟ್ ಕೈಪಿಡಿಯ ಇಬ್ಬರು ಲೇಖಕರು

ಲಿಫ್ಟ್ ಬ್ರೇಕುಗಳ ಆ ಕೈಪಿಡಿ ಅಚ್ಚಾಗಿ ಇಪ್ಪತ್ತೆಂಟು ವರ್ಷವಾಗಿತ್ತು. ಇಂಜಿನಿಯರುಗಳಾದ ಅಣ್ಣ ತಮ್ಮ ಸೇರಿ ಬರೆದದ್ದು. ಮೆಕ್ಯಾನಿಕ್ಕುಗಳು ಇಂದಿಗೂ ಅದನ್ನೇ ನಂಬಿದ್ದರು. ಸಂಶಯ ಬಂದರೆ ಕೇಳಲೆಂದು ಕೊನೆಯ ಪುಟದಲ್ಲಿ ಇಬ್ಬರ ವಿಳಾಸ, ಫೋನ್ ನಂಬರು ಇದ್ದವು. ಇಂಥ ನಾನೂರು ಪುಸ್ತಕಗಳ ಲೇಖಕರು ಎಲ್ಲಿದ್ದಾರೆ, ಇದ್ದಾರೋ ಇಲ್ಲವೋ ಎಂದು ವರ್ಷಕ್ಕೊಮ್ಮೆ ವಿಚಾರಿಸಿ ವಿಳಾಸ ತಿದ್ದುವುದೇ ಪ್ರಕಾಶಕರ ಕಚೇರಿಯಲ್ಲಿ ಅವಳ ನೌಕರಿ. ಕಚೇರಿಯವರೆಲ್ಲ ಅವಳನ್ನು ವಿಳಾಸದಮ್ಮ ಎನ್ನುತ್ತಿದ್ದರು.

ಆ ವರ್ಷ ತಮ್ಮನಿಂದ ಎರಡೇ ಸಾಲಿನ ಪತ್ರ ಬಂತು. ಅಣ್ಣ ತೀರಿಕೊಂಡಿದ್ದಾರೆ, ಅವರ ನಂಬರು ತೆಗೆದು ತನ್ನದೊಂದನ್ನೇ ಇಡಬೇಕು. ಯಾವತ್ತು ತೀರಿಕೊಂಡರೆಂದು ಬರೆದಿರಲಿಲ್ಲ. ಹೊಸ ಆವೃತ್ತಿ ಬರುವ ಹೊತ್ತಿಗೇ ಅಣ್ಣ ಇಲ್ಲವಾಗುವುದೆಂದರೆ? ಅವಳು ಫೋನ್ ಮಾಡಿದಾಗ ತಮ್ಮ ತಡವರಿಸಿ, ಬಸ್ಸಿನಲ್ಲಿದ್ದೇನೆಂದು ಇಟ್ಟುಬಿಟ್ಟ. ಹಿಂದೆ ಬಸ್ಸಿನ ಸದ್ದೇ ಇರಲಿಲ್ಲ, ಗೋಡೆ ಗಡಿಯಾರದ ಟಿಕ್ ಟಿಕ್ ಕೇಳುತ್ತಿತ್ತು. ಹೆಸರನ್ನೆಲ್ಲ ಒಬ್ಬನೇ ನುಂಗಿ ನೀರು ಕುಡಿಯುವ ಹುನ್ನಾರ ಎಂದು ಅವಳು ತೀರ್ಮಾನಿಸಿಯೇಬಿಟ್ಟಳು.

ಮಾರನೆಯ ಬೆಳಿಗ್ಗೆ, ಕಣ್ಣಾರೆ ನೋಡೋಣವೆಂದು ಅಣ್ಣನ ವಿಳಾಸಕ್ಕೇ ಹೋದಳು. ಬಾಗಿಲು ತೆರೆದದ್ದು ಅವರ ಹೆಂಡತಿ. ಒಳಗೆ ಕಿಟಕಿಯ ಬಳಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತೀರಿಕೊಂಡವರು ಪೆನ್ಸಿಲ್ ಚೂಪು ಮಾಡುತ್ತ ಕೂತಿದ್ದರು. ಸಿಕ್ಕಿಬಿದ್ದೆಯಲ್ಲ ಮಹರಾಯ ಎಂದು ಅವಳು ತಮ್ಮನನ್ನು ನೆನೆದಳು.

ಅಷ್ಟರಲ್ಲಿ ಅಣ್ಣನಿಗೆ ಫೋನ್ ಬಂತು. ಆಚೆಯ ದನಿ ಕೋಣೆಗೆಲ್ಲ ಕೇಳುತ್ತಿತ್ತು. ಆಸ್ಪತ್ರೆಯೊಂದರ ಲಿಫ್ಟ್ ಬಿಚ್ಚಿಕೊಂಡು ನಿಂತ ಮೆಕ್ಯಾನಿಕ್, ಬ್ರೇಕ್ ಬಿಟ್ಟಾಗ ಅದರ ಪಟ್ಟಿಗೂ ಅದು ಒತ್ತಿ ಹಿಡಿಯುವ ಡ್ರಮ್ಮಿಗೂ ನಡುವೆ ಎಷ್ಟು ಸಂದು ಇರಬೇಕೆಂದು ಕೇಳಿದ.

"ಐದು ಮಿಲಿಮೀಟರ್ ಬಿಡಪ್ಪಾ, ಏನೂ ಆಗಲ್ಲ," ಎಂದರು ಅಣ್ಣ.

ಅವಳ ಚೀಲದಲ್ಲಿದ್ದ ಕೈಪಿಡಿಯಲ್ಲಿ ಅರ್ಧ ಮಿಲಿಮೀಟರ್ ಎಂದಿತ್ತು. ಸಂದು ಅಷ್ಟು ಹೆಚ್ಚಾದರೆ ಬ್ರೇಕು ಸರಿಯಾಗಿ ಹಿಡಿಯದು. ಫೋನ್ ಕಸಿದುಕೊಂಡು ಆ ಪುಟ ಓದಿ ಹೇಳಿದಳು. ಅಣ್ಣನಿಗೆ ಕೋಪ ಬರಲಿಲ್ಲ. ನೀನು ಯಾರ ಮಗಳಮ್ಮಾ ಎಂದು ಮೂರನೆಯ ಸಲ ಕೇಳಿದರು.

ಹೆಂಡತಿ ಅವಳನ್ನು ಅಡುಗೆಮನೆಗೆ ಕರೆದರು. "ಎರಡು ವರ್ಷದಿಂದ ಮರೆವು. ಫೋನ್ ಬಂದ್ರೆ ಮಾತ್ರ ಮುಖ ಅರಳತ್ತೆ. ಕಿತ್ತುಕೊಳ್ಳೋಕೆ ಮನಸ್ಸು ಬರಲ್ಲ." ಮೈದುನನ ಪತ್ರದ ವಿಷಯ ಆಕೆಗೆ ಗೊತ್ತಿರಲಿಲ್ಲ. ವಿಳಾಸದಮ್ಮ ಹೇಳಲೂ ಇಲ್ಲ.

ಕಚೇರಿಯವರು ಬಂದಿದ್ದರೆಂದು ಅತ್ತಿಗೆಯಿಂದ ತಿಳಿದು ಸಂಜೆ ತಮ್ಮನೇ ಅವಳ ಕಚೇರಿಗೆ ಬಂದ. ತಲೆ ಎತ್ತಲಿಲ್ಲ.

"ಅಣ್ಣನ ಬುದ್ಧಿ ಕೈಕೊಟ್ಟಿದೆ ಅಂತ ಹೇಗೆ ಬರೀಲಿ ಮೇಡಂ? ನಂಗೆ ಕೆಲಸ ಕಲಿಸಿದವನೇ ಅವನು. ಸತ್ತ ಅಂತ ಬರೆಯೋದೇ ಸುಲಭ ಅನ್ನಿಸ್ತು."

ಅವಳು ಚೆನ್ನಾಗಿಯೇ ಬೈದಳು. ಆಮೇಲೆ ಇಬ್ಬರೂ ಕೂತು, ಅಣ್ಣನ ಫೋನಿನಲ್ಲಿದ್ದ ನಂಬರುಗಳನ್ನು ಹಿಡಿದು, ಎರಡು ವರ್ಷದಲ್ಲಿ ಅಣ್ಣನನ್ನು ಕೇಳಿದ ಮೆಕ್ಯಾನಿಕ್ಕುಗಳನ್ನೆಲ್ಲ ಹುಡುಕಿ ಸರಿಯಾದ ಅಳತೆ ತಿಳಿಸಿದರು. ಮೂರು ದಿನ ಹಿಡಿಯಿತು. ಒಬ್ಬ ಮಾತ್ರ ಸಿಗಲಿಲ್ಲ.

ಹೊಸ ಆವೃತ್ತಿಯಲ್ಲಿ ಲೇಖಕರಾಗಿ ಇಬ್ಬರ ಹೆಸರೂ ಉಳಿಯಿತು, ಅಣ್ಣನದೇ ಮೊದಲು. ನಂಬರು ತಮ್ಮನದೊಂದೇ. ಆ ಒಬ್ಬ ಮೆಕ್ಯಾನಿಕ್ ಯಾವ ಕಟ್ಟಡದ ಲಿಫ್ಟಿಗೆ ಕೈ ಹಾಕಿದ್ದನೋ ತಿಳಿಯದೆ, ವಿಳಾಸದಮ್ಮ ಬಹಳ ದಿನ ಹೋದಲ್ಲೆಲ್ಲ ಮೆಟ್ಟಿಲು ಹತ್ತಿದಳು.