ಅದು ಹೊರಗೆ ಇದ್ದು

ಸ್ಟೇಷನ್ ಹತ್ತಿರದ ಖಾನಾವಳಿಯ ಕೋಣೆಯೇ ಸಾಕಿತ್ತೇನೋ? ಅಲ್ಲಿ ಇಳಿಯುವವರೆಲ್ಲ ಶಿರಸಿ, ಸಿದ್ದಾಪುರದ ಕಡೆಯವರು. ಹೆಂಡತಿ ಭಾಗೀರಥಿ ತಮ್ಮ ಕಡೆಯ ಮಾತಾಡಿದರೂ ಯಾರೂ ನಗುತ್ತಿರಲಿಲ್ಲ. ಆದರೆ ಮದುವೆಯಾದ ಮೇಲೆ ಅವಳನ್ನು ಹುಬ್ಬಳ್ಳಿಗೆ ಕರೆತಂದದ್ದು ಇದೇ ಮೊದಲು, ಅದೂ ಶನಿವಾರ, ಭಾನುವಾರದ ಮಟ್ಟಿಗೆ. ಈ ಹೊಸ ಹೊಟೇಲಿನಲ್ಲಿ ವಿದ್ಯುತ್ ದೀಪ, ನಿಲುವುಗನ್ನಡಿ ಎಲ್ಲ ಇದ್ದೂ ಬಾಡಿಗೆ ಕೈಗೆಟಕುವಂತಿತ್ತು. ಬಿ.ಎ. ಓದಿದ ಸುಬ್ರಾಯನಿಗೆ ಇದೇ ತಕ್ಕದ್ದೆನಿಸಿತ್ತು.

ಮೋಟಾರಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅವಳಿಗೆ ಪಾಠ ಹೇಳಿದ್ದ. "ಅಲ್ಲಿ 'ಎಂತ' ಅನ್ನಡ, 'ಏನ್ರಿ' ಅನ್ನವು."

"ಹಂಗಾರೆ ಆನು ಮೂಗಿ ಆಗ್ತೆ," ಎಂದು ಅವಳು ನಕ್ಕಿದ್ದಳು.

ಈಗ ಮೇಜಿನ ಹಿಂದಿನ ಮ್ಯಾನೇಜರು ತಲೆಯೆತ್ತಿ ಕೇಳಿದ: "ಒಬ್ಬರ ಬಂದೀರೇನ್ರಿ?"

ಸುಬ್ರಾಯ ಗಡಿಬಿಡಿಗೊಂಡ. ಹೆಂಗಸರನ್ನೂ 'ಅದು' ಎನ್ನುವ ಮನೆಮಾತೇ ಬಾಯಿಗೆ ಬಂತು. "ಇಲ್ಲೆ, ಅದೂ ಬಂಜು. ಹೊರಗೆ ಇದ್ದು." ಅವಳೂ ಬಂದಿದ್ದಾಳೆ, ಹೊರಗಿದ್ದಾಳೆ ಎಂದು ಅವನ ಅರ್ಥ.

"ಏ ಹಮಾಲ! ಸಾಹೇಬರದು ಹೊರಗ ಏನೋ ಅದಂತ, ಹೊತ್ಕೊಂಡು ಬಾರೋ!"

ಹಮಾಲ ಹೋದವನು ಬರಿಗೈಲಿ ನಗುತ್ತ ಬಂದ. "ಸಾಮಾನಲ್ರಿ, ಬಾಯಾರು ಅದಾರ! ಅವರನ್ನ ಹ್ಯಾಂಗ ಹೊತ್ಕೊಂಡು ಬರ್ಲಿ!"

ಅಲ್ಲಿದ್ದವರೆಲ್ಲ ನಕ್ಕರು. ಸುಬ್ರಾಯ ಎಲ್ಲರಿಗಿಂತ ಜೋರಾಗಿ ನಕ್ಕ, ಅವಳ ಹಳ್ಳಿತನಕ್ಕೆ ನಗುವವನಂತೆ. ಹಮಾಲನ ಹಿಂದೆ ಬಂದು ಹೊಸ್ತಿಲಲ್ಲಿ ನಿಂತಿದ್ದ ಭಾಗೀರಥಿಗೆ ಏನೂ ತಿಳಿಯಲಿಲ್ಲ. ಅವನ ಮುಖ ನೋಡಿ, ಕಲಿಸಿದ ಹಾಗೆಯೇ ಮೆಲ್ಲಗೆ, "ಏನ್ರಿ?" ಎಂದಳು.

ನಗು ಇನ್ನೂ ಹೆಚ್ಚಾಯಿತು.

ಆಡಿದ್ದು ತಾನು, ಅದು ತಮ್ಮ ಮನೆಯ ಮಾತು, ಇವಳು ತನ್ನ ಹೆಂಡತಿ ಎಂದು ಸುಬ್ರಾಯ ಅಲ್ಲಿ ಹೇಳಲಿಲ್ಲ. ಅವರು ಯಾಕೆ ನಕ್ಕರೆಂದು ಅವಳಿಗೂ ಎಂದೂ ಹೇಳಲಿಲ್ಲ.